ಏಳನೇ ಬಾವಿಯ ಹಸಿರು

ಜೊಯ್ಲಿನ್ ಪಿಂಟೊ ಅವರ ಪ್ರಯೋಗಾಲಯಕ್ಕೆ ಹೈಲೈಟರ್ ಪೆನ್ನು ತರುವಂತಿಲ್ಲ. ಹಸಿರು ಬಣ್ಣದ ಸೋಪು ಒಳಗೆ ಬರುವಂತಿಲ್ಲ. ಬಾವಿಗೆ ಬಣ್ಣ ಸುರಿದು ಬಂದವರು, ಎಷ್ಟು ಸಲ ಕೈ ತೊಳೆದಿದ್ದರೂ, ಕಂಪನಿಯಲ್ಲಿ ಎಷ್ಟು ದೊಡ್ಡವರಾಗಿದ್ದರೂ, ಹೊಸ್ತಿಲಾಚೆ ನಿಂತೇ ಮಾತಾಡಬೇಕು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಪೈಪು ಗೋದಾಮೊಂದರ ಮೇಲಿನ ಮಹಡಿಯಲ್ಲಿರುವ ಆ ಎರಡು ಕೋಣೆಗಳಿಗೆ ಜನ ಬರುವುದೇ ಕಡಿಮೆ. ಬಂದವರ ಕೈಗಳನ್ನು ಜೊಯ್ಲಿನ್ ಮೊದಲು ನೋಡುತ್ತಾರೆ, ಮುಖವನ್ನು ಆಮೇಲೆ.

“ಅನುಮಾನ ಪಡ್ಲಿಕ್ಕೇ ನಂಗೆ ಸಂಬಳ ಕೊಡುವುದು,” ಎನ್ನುತ್ತಾರೆ ಅವರು. “ನಂಬ್ಲಿಕ್ಕೆ ಕಂಪನಿಯಲ್ಲಿ ಬೇರೆ ಜನ ಇದ್ದಾರೆ.”

ಅವರು ಕಿನ್ನಿಗೋಳಿ ಕಡೆಯವರು. ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲೇ ಕುಡಿಯುವ ನೀರಿನ ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಗಂಡ ರೊಯ್ಸ್ಟನ್ ಜೊತೆ ನೈರೋಬಿಗೆ ಬಂದರು. ರೊಯ್ಸ್ಟನ್ ಔಷಧ ತಯಾರಿಸುವ ಕಂಪನಿಯೊಂದರಲ್ಲಿ ಅಕೌಂಟೆಂಟ್. ಮನೆ ಲೊರೆಶೋದಲ್ಲಿ, ಮನೆಮಾತು ಕೊಂಕಣಿ. ಮಗಳು ಅಲಿಶಾ ಕೊಂಕಣಿ, ಕನ್ನಡ ಎರಡನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

ಜೊಯ್ಲಿನ್ ಕೆಲಸ ಮಾಡುವ ಕಂಪನಿ ಭಾರತೀಯರದು. ರಿಫ್ಟ್ ಕಣಿವೆಯಲ್ಲಿ ಅದಕ್ಕೊಂದು ಸಣ್ಣ ಉಷ್ಣಕ್ಷೇತ್ರವಿದೆ. ನೆಲದಾಳದ ಬಿಸಿನೀರನ್ನು ಆಳವಾದ ಕೊಳವೆಬಾವಿಗಳಿಂದ ಮೇಲೆ ತಂದು, ಅದರ ಹಬೆಯಿಂದ ವಿದ್ಯುತ್ ಮಾಡುವುದು ಅಲ್ಲಿನ ಕೆಲಸ. ಹಬೆ ತೆಗೆದ ಮೇಲೆ ಉಳಿದ ತಣಿದ ನೀರನ್ನು ಹೊರಗೆ ಬಿಡುವುದಿಲ್ಲ. ಇನ್ನೊಂದು ಬಾವಿಯ ಮೂಲಕ ನೆಲಕ್ಕೇ ವಾಪಸು ಕಳಿಸುತ್ತಾರೆ. ಹೋದ ನೀರು ಬಿಸಿ ಕಲ್ಲುಗಳ ನಡುವೆ ನಿಧಾನವಾಗಿ ಸುತ್ತಾಡಿ, ಮತ್ತೆ ಕಾದು, ವರ್ಷಗಳ ಮೇಲೆ ಹಿಂತಿರುಗಿದರೆ ಒಳ್ಳೆಯದು. ಬೇಗ ಬಂದುಬಿಟ್ಟರೆ ತಣ್ಣಗೇ ಬರುತ್ತದೆ, ಬಿಸಿನೀರಿನ ಬಾವಿಯನ್ನೂ ತಣ್ಣಗೆ ಮಾಡುತ್ತದೆ. ಅದು ಯಾವ ದಾರಿಯಲ್ಲಿ, ಎಷ್ಟು ಬೇಗ ಹೋಗುತ್ತದೆ ಎಂದು ತಿಳಿಯಲು, ವಾಪಸು ಕಳಿಸುವ ನೀರಿಗೆ ಹಸಿರಾಗಿ ಹೊಳೆಯುವ ಒಂದು ಬಣ್ಣ ಸುರಿದು, ಸುತ್ತಲಿನ ಬಾವಿಗಳಿಂದ ಪ್ರತಿ ವಾರ ಬಾಟಲಿಗಳಲ್ಲಿ ನೀರು ತಂದು ನೋಡುತ್ತಾರೆ. ಕಣ್ಣಿಗೆ ಏನೂ ಕಾಣದಷ್ಟು ಕಡಿಮೆ ಬಣ್ಣವಿದ್ದರೂ ಜೊಯ್ಲಿನ್ ಅವರ ಯಂತ್ರದ ನೀಲಿ ಬೆಳಕಿನಲ್ಲಿ ಅದು ಹೊಳೆಯುತ್ತದೆ. ತೊಂದರೆಯೂ ಅದೇ. ಬಣ್ಣ ಮುಟ್ಟಿದ ಬೆರಳು ಬಾಟಲಿಯ ಬಿರಡೆಗೆ ತಾಗಿದರೂ ಸಾಕು, ಬಾವಿಯಲ್ಲಿ ಇಲ್ಲದ ಬಣ್ಣ ಬಾಟಲಿಯಲ್ಲಿ ಕಾಣಿಸುತ್ತದೆ.

ಎರಡು ಸಾವಿರದ ಆರರಲ್ಲಿ ಇಂಥದೊಂದು ಪರೀಕ್ಷೆ ನಡೆಯಿತು. ಬಣ್ಣ ಸುರಿದದ್ದು ಒಂಬತ್ತನೇ ಬಾವಿಗೆ. ಅದು ನಾಲ್ಕನೇ ಬಾವಿಯಲ್ಲಿ ಕಾಣಿಸಿಕೊಳ್ಳಬೇಕು ಎಂದು ಕ್ಷೇತ್ರದ ಭೂವಿಜ್ಞಾನಿ ಶ್ರೀನಿವಾಸಮೂರ್ತಿ ಮೊದಲೇ ಬರೆದುಕೊಟ್ಟಿದ್ದರು. ನಾಲ್ಕು, ಒಂಬತ್ತರ ಪಕ್ಕದ ಬಾವಿ. ಎರಡರ ಕೆಳಗೂ ಒಂದೇ ಸ್ತರಭಂಗ ಹಾದುಹೋಗುತ್ತದೆ. ಸ್ತರಭಂಗ ಎಂದರೆ ನೆಲದ ಬಂಡೆ ಸೀಳಿ, ಸೀಳಿನ ಎರಡೂ ಪಕ್ಕ ಒಂದರ ಮೇಲೊಂದು ಜಾರಿರುವ ಜಾಗ. ಮೂರ್ತಿಯವರ ನಕ್ಷೆಯಲ್ಲಿ ಅದು ಕೆಂಪು ಗೆರೆ, ನೀರಿನ ದಾರಿ. ಏಳನೇ ಬಾವಿ ದೂರದಲ್ಲಿತ್ತು, ಅದಕ್ಕೂ ಒಂಬತ್ತಕ್ಕೂ ನಡುವೆ ಒಂದು ಡೈಕ್ ಇತ್ತು. ಹಿಂದೆಂದೋ ಶಿಲಾರಸ ಬಿರುಕಿನಲ್ಲಿ ಮೇಲೇರಿ ಅಲ್ಲೇ ಗಟ್ಟಿಯಾಗಿ, ನೆಲದೊಳಗೆ ನೆಟ್ಟಗೆ ನಿಂತ ಕಲ್ಲಿನ ಗೋಡೆ ಅದು. ನಕ್ಷೆಯಲ್ಲಿ ದಪ್ಪ ಕಪ್ಪು ಗೆರೆ. ಆ ಗೋಡೆಯಾಚೆಗೆ ಬಣ್ಣ ಹೋಗುವುದಿಲ್ಲ ಎಂಬುದು ಮೂರ್ತಿಯವರ ಲೆಕ್ಕ.

ಬಣ್ಣ ಏಳನೇ ಬಾವಿಯಲ್ಲಿ ಬಂತು. ನಾಲ್ಕರಲ್ಲಿ ಏನೂ ಇರಲಿಲ್ಲ.

ಜೊಯ್ಲಿನ್ ಮೊದಲು ಅನುಮಾನ ಪಟ್ಟದ್ದು ತಮ್ಮ ಯಂತ್ರದ ಮೇಲೇ. ಅದನ್ನು ತೊಳೆದು, ಶುದ್ಧ ನೀರು ಹಾಕಿ ನೋಡಿದರು. ಸರಿಯಿತ್ತು. ಮುಂದಿನ ವಾರದ ಬಾಟಲಿ ಇನ್ನೂ ಹಸಿರಾಗಿ ಹೊಳೆಯಿತು. ಆಮೇಲೆ ವರದಿ ಕಳಿಸಿದರು.

ಮೂರ್ತಿಯವರ ಫೋನು ಬಂದದ್ದು ಆ ಮಧ್ಯಾಹ್ನವೇ.

“ಏನಮ್ಮಾ ಜೊಯ್ಲಿನ್, ನಿಮ್ ಬಣ್ಣ ಕಲ್ಲಿನ ಗೋಡೆ ತೂರ್ಕೊಂಡು ಹೋಗತ್ತಾ?”

“ನನ್ನ ಬಣ್ಣ ಅಲ್ಲ ಸರ್, ನಿಮ್ಮ ಬಣ್ಣ. ಸುರಿದದ್ದು ನಿಮ್ಮ ಕಡೆಯವ್ರು.”

“ಲೇಬಲ್ಲು ಅದಲುಬದಲಾಗಿದೆ, ನೋಡ್ಕೊಳಿ. ನಾಲ್ಕರದ್ದನ್ನ ಏಳು ಅಂದ್ಕೊಂಡಿದೀರ.”

“ಇಲ್ಲ.”

“ಹಂಗಾದ್ರೆ ಬಾಟ್ಲಿ ಕೊಳೆ ಆಗಿದೆ. ಯಾರೋ ಕೈ ಹಾಕಿದಾರೆ.”

“ಅದನ್ನು ನಾನೂ ನೋಡ್ತಾ ಇದ್ದೇನೆ,” ಎಂದು ಜೊಯ್ಲಿನ್ ಫೋನಿಟ್ಟರು.

ಶ್ರೀನಿವಾಸಮೂರ್ತಿ ಮೈಸೂರಿನವರು. ಕೋಲಾರದ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲೇ ಇದ್ದರು. ಕೆಲಸದ ಮೊದಲ ದಿನದಿಂದ ಕೊನೆಯ ದಿನದವರೆಗೆ ನೆಲದಡಿಯ ಸುರಂಗಗಳಲ್ಲಿ ಬಂಡೆ ನೋಡಿದವರು. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ತಮ್ಮ ನಕ್ಷೆಯ ಮೇಲೆ ಅವರಿಗೆ ಅಪಾರ ವಿಶ್ವಾಸವಿತ್ತು. ಅವರು ಪ್ರಯೋಗಾಲಯದ ತಪ್ಪು ಎಂದು ಬರೆದ ಟಿಪ್ಪಣಿ ಮ್ಯಾನೇಜರ್ ದ್ವಾರಕಾನಾಥ್ ಅವರ ಮೇಜಿಗೆ ಹೋಯಿತು.

ದ್ವಾರಕಾನಾಥ್ ಜೊಯ್ಲಿನ್ ಅವರನ್ನು ಕರೆಸಿದರು. ಸಮಾಧಾನದ ಮನುಷ್ಯ, ಕೆಟ್ಟ ಸುದ್ದಿಯನ್ನು ಟೀ ತರಿಸಿಯೇ ಹೇಳುವವರು.

“ನೋಡಿ ಮೇಡಂ, ಹೊರದೇಶದ ಲ್ಯಾಬ್‌ಗೆ ಸ್ಯಾಂಪಲ್ ಕಳಿಸ್ಬಿಡೋಣ ಅಂತ ಬೋರ್ಡಲ್ಲಿ ಮೊದ್ಲಿಂದಾನೂ ಹೇಳ್ತಾನೇ ಇದಾರೆ. ನಾನೇ ತಡೀತಾ ಇದ್ದೆ. ಈ ಟೆಸ್ಟ್ ಮುಗಿಯೋ ಹೊತ್ತಿಗೆ ಇದೇನು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಲ್ಯಾಬ್ ಕ್ಲೋಸ್ ಮಾಡ್ಬೇಕಾಗತ್ತೆ. ಆಮೇಲೆ ನಿಮ್ಗೆ ಇಲ್ಲಿ ಕೆಲಸ ಇರಲ್ಲ. ಓಪನ್ನಾಗಿ ಹೇಳ್ತಿದೀನಿ.”

“ನಂಬರ್ ಸರಿ ಉಂಟು ಸರ್.”

“ಸರಿ ಇದ್ರೆ ಮೂರ್ತಿ ಮ್ಯಾಪ್ ತಪ್ಪು. ಆ ಮ್ಯಾಪ್ ನಂಬಿ ಇನ್ನೂ ಎರಡು ಬಾವಿ ತೋಡಕ್ಕೆ ಹೊರಟಿದೀವಿ ನಾವು. ಅದು ನಿಮ್ಗೆ ಗೊತ್ತಿರ್ಲಿ.”

ಜೊಯ್ಲಿನ್ ಟೀ ಕುಡಿಯದೆ ಎದ್ದು ಬಂದರು.

ಬಾಟಲಿಗಳು ಬಾವಿಯಿಂದ ಅವರ ಮೇಜಿಗೆ ಬರುವ ದಾರಿಯಲ್ಲಿ ಇದ್ದದ್ದು ಒಬ್ಬನೇ ಮನುಷ್ಯ, ಮುಟಿಸೊ. ಕಂಪನಿಯ ಪಿಕಪ್ ಓಡಿಸುವವನು. ಬಾವಿಗಳ ಬಳಿ ಕೆಲಸಗಾರರು ತುಂಬಿಸಿ, ಬೆಳಕು ತಾಗದಂತೆ ಬೆಳ್ಳಿ ಕಾಗದ ಸುತ್ತಿಟ್ಟ ಕಂದು ಬಾಟಲಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಮಾಯ್ ಮಹಿಯು ದಾಟಿ, ಕಣಿವೆಯ ಗೋಡೆ ಹತ್ತಿ, ನೈರೋಬಿಗೆ ತಂದುಕೊಡುತ್ತಿದ್ದ. ಜೊಯ್ಲಿನ್ ಅವರನ್ನು ಅವನು ಇಲ್ಲಿನ ರೂಢಿಯಂತೆ ಮಗಳ ಹೆಸರು ಸೇರಿಸಿ ‘ಮಾಮಾ ಅಲಿಶಾ’ ಎಂದು ಕರೆಯುತ್ತಿದ್ದ. ಅವನ ಮೇಲೆ ದೂರು ಇರಲಿಲ್ಲ. ಆದರೆ ದಾರಿಯಲ್ಲಿದ್ದವನು ಅವನೊಬ್ಬನೇ.

ಮುಂದಿನ ಸಲ ಅವನು ಬಂದಾಗ ಜೊಯ್ಲಿನ್ ಕೆಳಗಿಳಿದು ಹೋಗಿ ಪಿಕಪ್ಪಿನ ಬಾನೆಟ್ ತೆಗೆಸಿದರು. ರೇಡಿಯೇಟರಿಗೆ ಹಾಕುವ ದ್ರವ ಹಸಿರಾಗಿತ್ತು. ಅನೇಕ ಕಂಪನಿಗಳ ಕೂಲಂಟಿನಲ್ಲಿ, ಸೋರಿದರೆ ಕಾಣಲಿ ಎಂದು, ಇದೇ ಬಣ್ಣ ಬೆರೆಸಿರುತ್ತಾರೆ.

“ಏರು ಹತ್ತುವಾಗ ಎಂಜಿನ್ ಬಿಸಿಯಾಗ್ತದಾ?” ಎಂದು ಕೇಳಿದರು. ಅವರ ಮಾತು ಅರ್ಧ ಸ್ವಾಹಿಲಿ, ಅರ್ಧ ಇಂಗ್ಲಿಷ್.

“ಆಗುತ್ತದೆ, ಮಾಮಾ ಅಲಿಶಾ. ಕುರಿಚರ್ಮ ಮಾರುವವರ ಹತ್ತಿರ ನಿಲ್ಲಿಸಿ ಇದನ್ನು ಹಾಕುತ್ತೇನೆ.”

“ಹಾಕಿದ ಕೈಯಲ್ಲೇ ಪೆಟ್ಟಿಗೆ ಮುಟ್ತೀಯಾ?”

“ಪೆಟ್ಟಿಗೆ ಹಿಂದೆ ಇರುತ್ತದೆ. ನಾನು ಮುಂದೆ ಇರುತ್ತೇನೆ.”

“ಮುಟ್ತೀಯೋ ಇಲ್ವೋ?”

ಮುಟಿಸೊ ನಕ್ಕ. “ಇಳಿಸುವಾಗ ಮುಟ್ಟದೆ ಹೇಗೆ ಇಳಿಸಲಿ?”

ಅಂದಿನಿಂದ ಕೂಲಂಟ್ ಬಂದ್. ರೇಡಿಯೇಟರಿಗೆ ಬರೀ ನೀರು. ಜೊಯ್ಲಿನ್ ಹತ್ತಿಯನ್ನು ಶುದ್ಧ ನೀರಿನಲ್ಲಿ ಅದ್ದಿ ಅವನ ಕೈ ಒರೆಸಿ, ಸ್ಟೀರಿಂಗ್ ಒರೆಸಿ, ಪೆಟ್ಟಿಗೆಯ ಹಿಡಿಕೆ ಒರೆಸಿ ಯಂತ್ರದಲ್ಲಿಟ್ಟು ನೋಡಿದರು. ಏನೂ ಸಿಗಲಿಲ್ಲ. ಅವನಿಗೆ ಹೇಳದೆ ಪೆಟ್ಟಿಗೆಯಲ್ಲಿ ಶುದ್ಧ ನೀರು ತುಂಬಿದ ಬಾಟಲಿಯೊಂದನ್ನು ಕಣಿವೆಗೆ ಕಳಿಸಿ ವಾಪಸು ತರಿಸಿದರು. ಅದು ಶುದ್ಧವಾಗಿಯೇ ಬಂತು. ಅದೇ ಪೆಟ್ಟಿಗೆಯಲ್ಲಿ ಬಂದ ಏಳನೇ ಬಾವಿಯ ಬಾಟಲಿ ಹಸಿರು.

ಸಮಾಧಾನವಾಗಲಿಲ್ಲ. ಏನೂ ಸಿಗದಿರುವುದೂ ಅನುಮಾನಕ್ಕೆ ಕಾರಣವಾಯಿತು: ಬಾಟಲಿ ಬಂದಾಗ ತಾವು ಪರೀಕ್ಷಿಸುತ್ತೇವೆಂದು ತಿಳಿದು ಅವನು ಎಚ್ಚರವಾಗಿದ್ದಾನೆಯೇ? ಮನೆಯಲ್ಲಿ ಅಲಿಶಾಳ ಶಾಲೆಯ ಚೀಲ ಸುರುವಿ ಹೈಲೈಟರುಗಳನ್ನು ತೆಗೆದು ಬಿಸಾಡಿದರು.

“ಮಮ್ಮಾ, ದ್ಯಾಟ್ಸ್ ಮೈ ಬಯಾಲಜಿ ರಿವಿಷನ್,” ಎಂದಳು ಮಗಳು.

“ಪೆನ್ಸಿಲಲ್ಲಿ ಗೆರೆ ಎಳಿ.”

“ದಿಸ್ ಈಸ್ ನಾಟ್ ನಾರ್ಮಲ್, ಯು ನೋ.”

ರೊಯ್ಸ್ಟನ್ ಪೇಪರಿನಿಂದ ತಲೆ ಎತ್ತಿ ಕೊಂಕಣಿಯಲ್ಲಿ, “ನನ್ನ ಹಸಿರು ಟೈ ಇದೆ, ಅದನ್ನೂ ಅರೆಸ್ಟ್ ಮಾಡು,” ಎಂದರು. ಜೊಯ್ಲಿನ್ ನಗಲಿಲ್ಲ. ನಿಜಕ್ಕೂ ಹೋಗಿ ಆ ಟೈ ನೋಡಿಬಂದರು.

ಇದಾದ ಕೆಲವು ವಾರಗಳಿಗೆ ಒಂದು ವಿಚಿತ್ರ ಬಾಟಲಿ ಬಂತು. ಏಳನೇ ಬಾವಿಯ ಚೀಟಿ ಕಟ್ಟಿತ್ತು, ಯಂತ್ರದಲ್ಲಿಟ್ಟರೆ ಹಸಿರೇ ಇಲ್ಲ. ಹಿಂದಿನ ವಾರದವರೆಗೆ ಏರುತ್ತಾ ಬಂದ ಬಣ್ಣ ಇದ್ದಕ್ಕಿದ್ದಂತೆ ಸೊನ್ನೆ. ನೆಲದೊಳಗೆ ಹರಡಿದ ಬಣ್ಣ ಹೀಗೆ ಒಂದು ವಾರದಲ್ಲಿ ಮಾಯವಾಗುವುದಿಲ್ಲ. ಏರಿದ ಹಾಗೆಯೇ ನಿಧಾನವಾಗಿ ಇಳಿಯುತ್ತದೆ. ಈ ಸೊನ್ನೆಯನ್ನು ಹಾಗೆಯೇ ಬರೆದರೆ ಮೂರ್ತಿಯವರ ಮಾತು ಗೆಲ್ಲುತ್ತಿತ್ತು. ಬರೆಯದೆ ಬಿಟ್ಟರೆ ಅದು ಸುಳ್ಳು.

ಜೊಯ್ಲಿನ್ ಆ ನೀರನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ಒಂದೊಂದು ಬಾವಿಯ ನೀರಿಗೂ ಅದರದೇ ಉಪ್ಪು ಇರುತ್ತದೆ, ಯಾವ ಕಲ್ಲಿನ ನಡುವೆ ಎಷ್ಟು ಬಿಸಿಯಲ್ಲಿ ಇತ್ತೋ ಅದರ ಮೇಲೆ. ಏಳನೇ ಬಾವಿಯಲ್ಲಿ ಕ್ಲೋರೈಡ್ ಹೆಚ್ಚು, ಬೋರಾನ್ ಹೆಚ್ಚು. ಈ ಬಾಟಲಿಯಲ್ಲಿ ಎರಡೂ ಕಡಿಮೆ. ಸಿಲಿಕಾವನ್ನೂ ನೋಡಿದ ಮೇಲೆ ಸಂಶಯ ಉಳಿಯಲಿಲ್ಲ. ಇದು ನಾಲ್ಕನೇ ಬಾವಿಯ ನೀರು. ಯಾರೋ ಅದಕ್ಕೆ ಏಳರ ಚೀಟಿ ಕಟ್ಟಿದ್ದಾರೆ.

ಯಾರು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರ ಸಿದ್ಧವಾಗಿತ್ತು. ನೆಟ್ಟಗೆ ದ್ವಾರಕಾನಾಥ್ ಕೋಣೆಗೆ ಹೋದರು.

“ಬಾಟ್ಲಿ ಬದ್ಲಾಗಿದೆ ಸರ್. ಬೇಕಂತಲೇ ಬದ್ಲು ಮಾಡಿದ್ದು.”

“ಯಾರು?”

“ಪೆಟ್ಟಿಗೆ ಮುಟ್ಟುವುದು ಒಬ್ಬನೇ. ಮುಟಿಸೊ.”

“ಅವ್ನಿಗೇನು ಲಾಭ?”

“ಬಾಟ್ಲಿ ಒಡೆದಿರ್ಬೇಕು. ಹೇಳಿದ್ರೆ ಬೈಗುಳ ಸಿಗ್ತದೆ ಅಂತ ನಾಲ್ಕನೇ ಬಾವಿಯಿಂದ ತುಂಬಿಸಿದ್ದಾನೆ. ಇದಕ್ಕಿಂತ ಮೊದ್ಲೂ ಹೀಗೆಯೇ ಮಾಡಿರ್ಬಹುದು ಅಂತ ಯಾರಾದ್ರೂ ಹೇಳಿದ್ರೆ ನಾನು ಎಂತ ಹೇಳುವುದು?”

ಮುಟಿಸೊನನ್ನು ಕರೆಸಿದರು. ಬಾಟಲಿ ಒಡೆದಿಲ್ಲ, ತಾನು ಯಾವ ಚೀಟಿಯನ್ನೂ ಮುಟ್ಟಿಲ್ಲ ಎಂದ. ದ್ವಾರಕಾನಾಥ್ ಹೆಚ್ಚು ಮಾತು ಬೆಳೆಸಲಿಲ್ಲ. ಕಣಿವೆಯ ಕೆಲಸದಿಂದ ಅವನನ್ನು ತೆಗೆದು, ಮುಂದಿನ ಆದೇಶದವರೆಗೆ ಗೋದಾಮಿನಲ್ಲಿ ಇರಲು ಹೇಳಿದರು. ಡ್ರೈವರುಗಳಲ್ಲಿ ಗೋದಾಮಿಗೆ ಹಾಕಿಸಿಕೊಳ್ಳುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಂದ ಮುಂದಿನ ಹೆಜ್ಜೆ ಗೇಟಿನಾಚೆ.

ಮೆಟ್ಟಿಲಿನ ಬಳಿ ಅವನು ಜೊಯ್ಲಿನ್‌ಗಾಗಿ ನಿಂತಿದ್ದ.

“ಮೇಡಂ, ಆ ದಿನ ಮೂರ್ತಿ ಸಾಹೇಬರು ನನ್ನ ಗಾಡಿಯಲ್ಲಿದ್ದರು. ನಾಲ್ಕನೇ ಬಾವಿಯ ಹತ್ತಿರ ನಿಲ್ಲಿಸು ಎಂದರು. ಇಳಿದು ಹೋಗಿ ಬಾಟಲಿ ತುಂಬಿಸಿಕೊಂಡು ಬಂದು ಪೆಟ್ಟಿಗೆಯಲ್ಲಿಟ್ಟರು.”

ಮಾಮಾ ಅಲಿಶಾ ಎನ್ನಲಿಲ್ಲ. ಜೊಯ್ಲಿನ್ ಅದನ್ನು ಗಮನಿಸಿದರು.

“ಒಳಗೆ ಯಾಕೆ ಹೇಳ್ಲಿಲ್ಲ?”

“ದೊಡ್ಡವರ ಹೆಸರನ್ನು ದೊಡ್ಡವರ ಮುಂದೆ ಹೇಳಿದರೆ ನಾಳೆ ನನಗೆ ಗೋದಾಮೂ ಇರುವುದಿಲ್ಲ.”

ಜೊಯ್ಲಿನ್ ನಂಬಲಿಲ್ಲ. ಸಿಕ್ಕಿಬಿದ್ದವನು ಊರಲ್ಲಿಲ್ಲದವರ ಹೆಸರು ಹೇಳುತ್ತಿದ್ದಾನೆ ಎಂದುಕೊಂಡರು. ಮೂರ್ತಿಯವರು ಆಗ ಕಣಿವೆಯಲ್ಲೇ ಇದ್ದರು. ಆದರೂ ಆ ಮಾತು ಮನಸ್ಸಿನಲ್ಲಿ ಕೂತಿತು. ನಾಲ್ಕರ ನೀರು ಎಂಬುದನ್ನು ಅವರು ದ್ವಾರಕಾನಾಥ್ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಒಳಗೆ ಮುಟಿಸೊನ ಎದುರೂ ಆ ಬಾವಿಯ ಮಾತು ಬಂದಿರಲಿಲ್ಲ. ನಾಲ್ಕು ಎಂದು ಅವನಾಗಿಯೇ ಹೇಳಿದ್ದ. ಬದಲಿಸಿದವನು ಅವನೇ ಆಗಿದ್ದರೆ ಅದನ್ನು ತಾನಾಗಿ ಬಾಯಿಬಿಡುತ್ತಿದ್ದನೇ?

ಮೂರ್ತಿಯವರು ನೈರೋಬಿಗೆ ಬಂದ ದಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದರು. ಜೊಯ್ಲಿನ್ ಎದುರಿನ ಕುರ್ಚಿ ಎಳೆದು ಕೂತು, ಪೀಠಿಕೆಯಿಲ್ಲದೆ ಕೇಳಿದರು.

“ಸರ್, ನನ್ನ ಪೆಟ್ಟಿಗೆಗೆ ನೀವು ಬಾಟ್ಲಿ ಇಟ್ಟಿದ್ರಾ?”

ಮೂರ್ತಿ ತುತ್ತು ನುಂಗಿ, ಸ್ವಲ್ಪವೂ ಅಳುಕದೆ ಹೇಳಿದರು: “ಇಟ್ಟಿದ್ದೆ. ಏಳರದ್ದು ತೆಗೆದು ನಾಲ್ಕರದ್ದು ಇಟ್ಟೆ. ಟೆಸ್ಟ್ ಮಾಡ್ದೆ ಕಣಮ್ಮಾ ನಿಮ್ನ. ಚೀಟಿ ನೋಡಿ ಬಣ್ಣ ಇದೆ ಅಂತ ಬರೀತೀರೋ, ಬಾಟ್ಲಿ ನೋಡಿ ಬರೀತೀರೋ ಅಂತ. ನಾಲ್ಕರ ನೀರು ಅಂತ ಕಂಡುಹಿಡಿದ್ರಂತಲ್ಲ, ದ್ವಾರಕಾನಾಥ್ ಹೇಳಿದ್ರು. ಪಾಸಾದ್ರಿ ಬಿಡಿ.”

“ನಾನು ಪಾಸು. ಮುಟಿಸೊ ಫೇಲು.”

“ಅವ್ನಿಗೇನಾಯ್ತು?”

“ಗೋದಾಮಿಗೆ ಹಾಕಿದ್ದಾರೆ. ಬಾಟ್ಲಿ ಬದ್ಲು ಮಾಡಿದ ಅಂತ. ದೂರು ಕೊಟ್ಟದ್ದು ನಾನೇ.”

ಮೂರ್ತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಅದು ನಂಗೆ ಯಾರೂ ಹೇಳ್ಲಿಲ್ಲ,” ಎಂದರು. ಆಮೇಲೆ ಊಟ ಬಿಟ್ಟು ಎದ್ದು ದ್ವಾರಕಾನಾಥ್ ಕೋಣೆಗೆ ಹೋದರು. ಒಳಗೆ ನಡೆದದ್ದನ್ನು ಇಬ್ಬರೂ ಹೆಚ್ಚು ವಿವರಿಸುವುದಿಲ್ಲ. ಬಾಟಲಿ ಬದಲಿಸಿದವರು ತಾವೇ ಎಂದು ಮೂರ್ತಿ ಹೇಳಿದ್ದು ಮಾತ್ರ ನಿಜ. ಆ ಸಂಜೆಯೇ ಮುಟಿಸೊನ ಮೇಲಿನ ಆದೇಶ ರದ್ದಾಯಿತು.

ಮನೆಯಲ್ಲಿ ಜೊಯ್ಲಿನ್ ಇದನ್ನು ಹೇಳಿದಾಗ ರೊಯ್ಸ್ಟನ್ ಪೇಪರ್ ಮಡಚಿಟ್ಟರು.

“ಪೆನ್ನು ಹಿಡಿದೆ, ಸೋಪು ಹಿಡಿದೆ, ರೇಡಿಯೇಟರ್ ಬಿಚ್ಚಿಸಿದೆ. ನನ್ನ ಟೈಯನ್ನೂ ಬಿಡ್ಲಿಲ್ಲ. ಆ ಮೂರ್ತಿ ಮೇಲೆ ಮಾತ್ರ ಒಂದು ದಿನವೂ ಅನುಮಾನ ಬರ್ಲಿಲ್ವಾ ನಿನಗೆ?”

“ಅವರು ಸೈಂಟಿಸ್ಟ್.”

“ಅಷ್ಟೇನಾ? ಕನ್ನಡ ಮಾತಾಡ್ತಾರೆ ಅಂತ ಅಲ್ವಾ?”

ಜೊಯ್ಲಿನ್ ಮಾತು ಬದಲಿಸಿದರು. ಆ ಪ್ರಶ್ನೆ ಬಂದರೆ ಈಗಲೂ ಹಾಗೆಯೇ ಮಾಡುತ್ತಾರೆ.

ಪ್ರಯೋಗಾಲಯದ ಪ್ರಶ್ನೆ ಇನ್ನೂ ಉಳಿದಿತ್ತು. ಬಾಟಲಿ ಅದಲುಬದಲಾದರೆ ಜೊಯ್ಲಿನ್ ಕಂಡುಹಿಡಿಯಬಲ್ಲರು ಎಂದು ಈಗ ಗೊತ್ತಾಗಿತ್ತು. ಶುದ್ಧ ನೀರಿನ ಬಾಟಲಿ ಶುದ್ಧವಾಗಿಯೇ ಬಂದಿತ್ತು. ಅಂದರೆ ಏಳನೇ ಬಾವಿಯಲ್ಲಿ ಬಣ್ಣ ನಿಜವಾಗಿಯೂ ಇತ್ತು. ಆದರೆ ಯಾಕಿದೆ ಎಂದು ಹೇಳುವವರಿಲ್ಲದೆ ದ್ವಾರಕಾನಾಥ್ ಅದನ್ನು ಬೋರ್ಡಿನ ಮುಂದೆ ಇಡಲು ಒಪ್ಪಲಿಲ್ಲ. ಪರೀಕ್ಷೆಯ ಅವಧಿ ಮುಗಿಯುತ್ತಾ ಬಂದಿತ್ತು.

“ಬನ್ನಿ, ಹೋಗಿ ನೋಡೋಣ,” ಎಂದರು ಮೂರ್ತಿ. “ನನ್ ಕಲ್ಲು ಏನ್ ಹೇಳತ್ತೆ ಅಂತ ನಾನೂ ಇನ್ನೊಂದ್ಸಲ ಕೇಳ್ಬೇಕು.”

ಇಬ್ಬರೂ ಕಣಿವೆಗೆ ಹೋದರು. ಏಳನೇ ಬಾವಿಯ ಹತ್ತಿರ ಮಳೆನೀರು ಕೊರೆದ ಒಂದು ಕಮರಿ ಇದೆ. ಅಲ್ಲಿ ಡೈಕ್ ನೆಲದಿಂದ ಹೊರಗೆ ಕಾಣುತ್ತದೆ. ಮೂರ್ತಿ ಅದನ್ನು ಹಿಂದೆ ನೋಡಿದ್ದರು, ನಡುವಿನಲ್ಲಿ ಸುತ್ತಿಗೆ ಹೊಡೆದು ಗಟ್ಟಿ ಇದೆ ಎಂದು ಬರೆದುಕೊಂಡಿದ್ದರು. ಈ ಸಲ ಅವರು ನಡುವನ್ನು ಬಿಟ್ಟು ಅಂಚಿಗೆ ಹೋದರು. ಗೋಡೆಯ ಪಕ್ಕದ ಬಂಡೆ ಹಿಂದೆ ಶಿಲಾರಸದ ಬಿಸಿಗೆ ಬೆಂದು ಚೂರುಚೂರಾಗಿತ್ತು. ಗೋಡೆಯೂ ತಣಿಯುವಾಗ ಕುಗ್ಗಿ, ಅಂಚಿನುದ್ದಕ್ಕೂ ಬಿರುಕು ಬಿಟ್ಟಿತ್ತು. ಬಿರುಕುಗಳಲ್ಲಿ ಬಿಳಿಯ ಖನಿಜ ಮೆತ್ತಿಕೊಂಡಿತ್ತು, ನಡುನಡುವೆ ಹಳದಿ ಕಲೆ. ಒಂದು ಕಡೆ ಕೈಯಿಟ್ಟರೆ ಬೆಚ್ಚಗಿನ ಹಬೆ ತಾಗುತ್ತಿತ್ತು.

ಮೂರ್ತಿ ಕುಕ್ಕರುಗಾಲಲ್ಲಿ ಕೂತು ಬಿಳಿಯ ಖನಿಜವನ್ನು ಉಗುರಿನಿಂದ ಕೆರೆದು ನೋಡಿದರು.

“ಕೋಲಾರದಲ್ಲಿ ಡೈಕ್ ಅಂದ್ರೆ ನೆಮ್ಮದಿ,” ಎಂದರು ಕೊನೆಗೆ. “ಸುರಂಗ ಹೊಡೀತಾ ಡೈಕ್ ಸಿಕ್ಕಿದ್ರೆ, ಸದ್ಯ, ಇಲ್ಲಿ ನೀರು ಬರಲ್ಲ ಅಂತ ಟೀ ಕುಡಿಯೋಕೆ ಕೂರ್ತಿದ್ವಿ. ನಾನ್ ನೋಡಿದ್ ಡೈಕೆಲ್ಲ ಹಂಗೇ ಇತ್ತು. ಬಿರುಕಿದ್ರೂ ಯಾವ ಕಾಲದಲ್ಲೋ ಮುಚ್ಕೊಂಡ್ಬಿಟ್ಟಿರೋದು. ಸ್ತರಭಂಗ ಸಿಕ್ಕಿದ್ರೆ ಮಾತ್ರ ಭಯ. ನೀರು ಅಲ್ಲಿಂದ್ಲೇ ನುಗ್ತಿತ್ತು.”

“ಇಲ್ಲಿ?”

“ಇಲ್ಲಿ ಕಲ್ಲು ಇನ್ನೂ ಹಸೀದು. ನೆನ್ನೆ ಮೊನ್ನೆ ಹುಟ್ಟಿದ್ದು. ಗೋಡೆ ನೀರನ್ನ ತಡ್ದಿದೆ, ಅದು ನಿಜ. ಆದ್ರೆ ತಡೆದ ನೀರು ಗೋಡೆ ಅಂಚಲ್ಲೇ ಹಿಡ್ಕೊಂಡು ಓಡಿದೆ, ಮೋರಿ ನೀರು ಕಾಂಪೌಂಡ್ ಪಕ್ಕ ಓಡಲ್ವಾ, ಹಂಗೆ. ಮುಂದೆ ಎಲ್ಲೋ ಒಂದು ಅಡ್ಡ ಬಿರುಕು ಸಿಕ್ಕಿ ಈಚೆ ಬಂದಿದೆ.”

“ನಾಲ್ಕಕ್ಕೆ ಯಾಕೆ ಹೋಗ್ಲಿಲ್ಲ?”

ಆ ಉತ್ತರ ಶೆಡ್ಡಿನಲ್ಲಿತ್ತು. ಬಾವಿ ಕೊರೆಯುವಾಗ ಮೇಲೆ ಬಂದ ಕಲ್ಲಿನ ಚೂರುಗಳನ್ನು ಆಳದ ಪ್ರಕಾರ ಚೀಲಗಳಲ್ಲಿ ಅಲ್ಲಿ ಇಟ್ಟಿರುತ್ತಾರೆ. ನಾಲ್ಕನೇ ಬಾವಿಯದರಲ್ಲಿ ಸ್ತರಭಂಗ ಹಾದುಹೋಗುವ ಆಳದ ಚೀಲ ಬಿಚ್ಚಿ ಮೂರ್ತಿ ಚೂರುಗಳನ್ನು ಅಂಗೈಯಲ್ಲಿ ನೀರು ಹಾಕಿ ಉಜ್ಜಿದರು. ಮೆತ್ತಗಿನ ಜೇಡಿ. ಹಿಂದೆ ನೋಡಿದಾಗ ಅದು ಹಳೆಯ ಜ್ವಾಲಾಮುಖಿ ಬೂದಿ ಎಂದುಕೊಂಡಿದ್ದರು. ಈಗ ಬೇರೆ ಕಾಣಿಸಿತು. ಸೀಳಿನಲ್ಲಿ ಬಂಡೆ ಜಾರಿ ಪುಡಿಯಾಗಿ, ಸಾವಿರಾರು ವರ್ಷ ಬಿಸಿನೀರಿನಲ್ಲಿ ನೆನೆದು ಜೇಡಿಯಾಗಿತ್ತು. ಜೊತೆಗೆ ನೀರು ಹೊತ್ತು ತಂದ ಸಿಲಿಕಾ ಅಲ್ಲೇ ಗಟ್ಟಿಯಾಗಿತ್ತು. ಬಿಸಿನೀರು ತಾನು ಹರಿದ ದಾರಿಯನ್ನು ತಾನೇ ಮುಚ್ಚಿಕೊಂಡಿತ್ತು. ನಕ್ಷೆಯಲ್ಲಿ ದಾರಿ ಎಂದು ಬರೆದದ್ದು ಅಡ್ಡಗಟ್ಟೆ, ಗೋಡೆ ಎಂದು ಬರೆದದ್ದರ ಅಂಚೇ ದಾರಿ.

“ಈಗ ಒಪ್ಕೋತೀರಲ್ಲ?” ಎಂದರು ಮೂರ್ತಿ.

“ಇಲ್ಲ ಸರ್,” ಎಂದರು ಜೊಯ್ಲಿನ್. “ಮೊದ್ಲು ಗೋಡೆ ಅಂತ ಹೇಳಿದ್ದೂ ನೀವೇ, ಈಗ ದಾರಿ ಅಂತ ಹೇಳುವುದೂ ನೀವೇ. ಕಥೆ ಚೆಂದ ಉಂಟು. ಸಾಕ್ಷಿ ಬೇಕು.”

ಮೂರ್ತಿ ಮೊದಲ ಸಲ ಮನಸಾರೆ ನಕ್ಕರು. “ನಮ್ ಗಣೀಲಿ ನಿಮ್ಮಂಥವ್ರು ಒಬ್ರು ಇದ್ದಿದ್ರೆ ಯಾರೂ ಕೆಳಗೆ ಇಳೀತಾನೇ ಇರ್ಲಿಲ್ಲ.”

ದ್ವಾರಕಾನಾಥ್ ಗಡುವು ಮುಂದೂಡಿದರು, ಸಾಕ್ಷಿಗಾಗಿ ಎರಡನೇ ಪರೀಕ್ಷೆ ಮಾಡಿದರು. ಈ ಸಲ ಬಣ್ಣವಿಲ್ಲ, ಅಯೊಡೈಡ್ ಎಂಬ ಉಪ್ಪು. ಅದು ಹೊಳೆಯುವುದಿಲ್ಲ, ಕೂಲಂಟಿನಲ್ಲಿ ಇರುವುದಿಲ್ಲ, ಹೈಲೈಟರಿನಲ್ಲೂ ಇರುವುದಿಲ್ಲ. ಅದನ್ನು ಒಂಬತ್ತಕ್ಕೆ ಸುರಿಯುವ ಕೆಲಸವನ್ನು ಮೂರ್ತಿಯವರೇ ವಹಿಸಿಕೊಂಡರು. ಸುರಿದವರು ಬಾಟಲಿಯ ಹತ್ತಿರ ಬರಬಾರದು ಎಂಬ ನಿಯಮ ಅವರಿಗೂ ಅನ್ವಯಿಸಿತು. ಪರೀಕ್ಷೆ ಮುಗಿಯುವವರೆಗೂ ಕಣಿವೆಯ ಕ್ಯಾಂಪಿನಲ್ಲೇ ಉಳಿದರು. ಹೆಂಡತಿ ಶಾಂತಾ ಫೋನು ಮಾಡಿ, “ಆ ಯಮ್ಮ ಯಾವಾಗ ನಿಮ್ಮನ್ನ ಮನೆಗೆ ಬಿಡೋದಂತೆ?” ಎಂದು ಕೇಳಿದರಂತೆ. ಬಾಟಲಿಗಳನ್ನು ತರಲು ಜೊಯ್ಲಿನ್ ಪ್ರತಿ ವಾರ ತಾವೇ ಹೋದರು.

ಅಯೊಡೈಡ್ ಏಳನೇ ಬಾವಿಗೆ ಬಂತು. ನಾಲ್ಕಕ್ಕೆ ಬರಲಿಲ್ಲ.

ವರದಿಯಲ್ಲಿ ಇಬ್ಬರ ಸಹಿಯೂ ಇತ್ತು. ಒಂಬತ್ತನೇ ಬಾವಿಗೆ ತಣ್ಣೀರು ಬಿಡುವುದನ್ನು ನಿಲ್ಲಿಸಿದರು. ಹೊಸ ಬಾವಿಗಳ ಜಾಗ ಬದಲಾಯಿತು. ಹೊರದೇಶದ ಲ್ಯಾಬಿನ ಮಾತನ್ನು ಬೋರ್ಡಿನಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಪೈಪು ಗೋದಾಮಿನ ಮೇಲಿನ ಎರಡು ಕೋಣೆಗಳು ಉಳಿದವು, ಜೊಯ್ಲಿನ್ ಅವರ ಕೆಲಸವೂ ಉಳಿಯಿತು.

ಮುಟಿಸೊ ಮಾತ್ರ ಪಿಕಪ್ಪಿಗೆ ಹಿಂತಿರುಗಲಿಲ್ಲ. ಆದೇಶ ರದ್ದಾದ ದಿನವೇ ಅವನು ಬೇರೆ ಕೆಲಸ ಕೇಳಿ ತೆಗೆದುಕೊಂಡಿದ್ದ: ಮ್ಯಾನೇಜರರನ್ನು ರುಂಡಾದ ಮನೆಯಿಂದ ಕಚೇರಿಗೆ, ಸಭೆಗಳಿಗೆ ಗಿಗಿರಿಗೆ ಕರೆದೊಯ್ಯುವ ಕಾರು. ವರದಿ ಹೋದ ಮೇಲೆ ಜೊಯ್ಲಿನ್ ಪಾರ್ಕಿಂಗಿನಲ್ಲಿ ಅವನನ್ನು ಕಂಡರು. ಕಾರಿನ ಗಾಜು ಒರೆಸುತ್ತಿದ್ದ. ತಪ್ಪಾಯಿತು ಎಂದು ಸ್ವಾಹಿಲಿಯಲ್ಲಿ ಹೇಳಿದರು.

“ಸವಾ, ಮೇಡಂ,” ಎಂದ, ಆಯಿತು ಬಿಡಿ ಎನ್ನುವಂತೆ. ಬಟ್ಟೆ ಹಿಂಡಿದ.

“ಮತ್ತೆ ಬಾಟ್ಲಿ ತರ್ತೀಯಾ? ನಾನು ದ್ವಾರಕಾನಾಥ್ ಸರ್ ಹತ್ರ ಮಾತಾಡ್ತೇನೆ.”

“ಬೇಡ. ಈ ಗಾಡಿಯಲ್ಲಿ ಮನುಷ್ಯರು ಮಾತ್ರ ಕೂರುತ್ತಾರೆ. ಏನಾದರೂ ಕಳೆದರೆ ಅವರೇ ಹೇಳುತ್ತಾರೆ.”

ಅವನ ದನಿಯಲ್ಲಿ ಕೋಪವಿರಲಿಲ್ಲ ಎನ್ನುತ್ತಾರೆ ಜೊಯ್ಲಿನ್. ಇದ್ದಿದ್ದರೆ ಸುಲಭವಾಗುತ್ತಿತ್ತು. ಅವನು ಇನ್ನೊಂದು ಪಕ್ಕದ ಗಾಜು ಒರೆಸಲು ಹೋದ.

ಈಗ ಪಿಕಪ್ಪಿಗೆ ಬೇರೆ ಡ್ರೈವರ್ ಇದ್ದಾನೆ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಬಾಟಲಿಯ ಚೀಟಿ ಸುಳ್ಳಿರುತ್ತದೆ. ಅದನ್ನು ಬಹಿರಂಗವಾಗಿಯೇ ಇಡುವ ನಿಯಮ ಮಾಡಿದ್ದಾರೆ. ಯಾವುದು ಎಂಬುದು ಮಾತ್ರ ಕಣಿವೆಯಲ್ಲಿ ಮೂರ್ತಿಯವರಿಗೊಬ್ಬರಿಗೇ ಗೊತ್ತು. ಪೆಟ್ಟಿಗೆ ಬಂದಾಗ ಜೊಯ್ಲಿನ್ ಅದನ್ನು ಹುಡುಕಬೇಕು. ಸಿಕ್ಕಿದರೆ ಫೋನು ಮಾಡಿ ಹೇಳುತ್ತಾರೆ. ಸಿಗದೆ ಹೋದ ಒಂದು ಸಲ ಇಡೀ ವಾರದ ಲೆಕ್ಕವನ್ನು ತಾವೇ ರದ್ದು ಮಾಡಿದರು.

“ಡ್ರೈವರ್ ತಪ್ಪಿರ್ಬಹುದಲ್ಲಮ್ಮಾ?” ಎಂದು ಆಗ ಮೂರ್ತಿ ಕೇಳಿದ್ದರು.

“ನನ್ನ ತಪ್ಪು ನೋಡಿ ಆದ್ಮೇಲೆ ಅವನದ್ದು ನೋಡುವ.” 

ಜೊಯ್ಲಿನ್ ಮೊದಲ ಬಾಟಲಿಯಿಂದ ಮತ್ತೆ ಶುರುಮಾಡಿದರು.